ಕೇಳಿದ ಮಾತು, ಓದಿದ ಕಾಗದ



ನಮ್ಮ ಊರುಗಳಲ್ಲಿ ಆಗಾಗ ಒಂದು ಮಾತು ಹುಟ್ಟುತ್ತದೆ. ಸಂಜೆಯ ಹೊತ್ತಿಗೆ ಅದು ಓಣಿ ಓಣಿ ಸುತ್ತುತ್ತದೆ.

"ಅಂಗವಿಕಲರ ಪಗಾರ ಬಂದ್ ಆಗ್ತೈತಂತ."
"ಮತ್ತೊಮ್ಮೆ ತಪಾಸಣೆ ಮಾಡ್ತಾರಂತ."
"ಹಳೇ ಕಾಗದ ನಡೆಯೂದಿಲ್ಲಂತ."

ಮನೆಯಲ್ಲಿ ನಡೆಯಲು ಬಾರದ ಮಗ ಇದ್ದಾನೆ. ಇಲ್ಲವೇ ಕಣ್ಣು ಕಾಣದ ಗಂಡ ಇದ್ದಾನೆ. ಬರುವ ರೊಕ್ಕ ಸಣ್ಣದು. ಆದರೆ ಅದರಲ್ಲೇ ಔಷಧ ಬರಬೇಕು, ಜೋಳ ಬರಬೇಕು. ಅದು ನಿಂತರೆ ಏನು ಗತಿ? ತಾಯಿಗೆ ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ಈ ಚಿಂತೆ ಸುಳ್ಳಲ್ಲ. "ಚಿಂತಿ ಮಾಡಬ್ಯಾಡ" ಎಂದರೆ ಅದು ಹೋಗುವುದೂ ಇಲ್ಲ.

ಜೋಳ ಹಸನು ಮಾಡುವಾಗ ಕಾಳು ಬೇರೆ, ಹೊಟ್ಟು ಬೇರೆ ಮಾಡುತ್ತೇವೆ. ಚಿಂತೆಯನ್ನೂ ಹಾಗೆಯೇ ಕೇರೋಣ. "ಆಗ್ತೈತಂತ" ಎಂಬುದು ಕೇಳಿದ ಮಾತು. ಬರೆದ ಆದೇಶ ಓದುವ ಮಾತು. ಓದಿದ ಮೇಲೆ ನಂಬೋಣ.

ಏನು ಬದಲಾಗಿದೆ?

ನಿಯಮ ಬದಲಾಗುವುದು ನಿಜ. ಆದರೆ ಎಲ್ಲ ಬದಲಾವಣೆಯೂ ಕೆಟ್ಟದ್ದಲ್ಲ.

1995ರ ಕಾನೂನಿನಲ್ಲಿ 7 ಬಗೆಯ ಅಂಗವಿಕಲತೆ ಇತ್ತು. 2016ರ ಕಾನೂನಿನಲ್ಲಿ 21 ಬಗೆ ಸೇರಿದವು. 2021ರಲ್ಲಿ ರಾಜ್ಯ ಸರ್ಕಾರ ಶೇಕಡಾ 40ರಿಂದ 75ರವರೆಗೆ ಅಂಗವಿಕಲತೆ ಇರುವವರ ಮಾಸಾಶನ ಹೆಚ್ಚಿಸಿತು. 600 ರೂಪಾಯಿ ಇದ್ದದ್ದು 800 ಆಯಿತು. ಈಗ ಸರ್ಕಾರದ ಕಾಗದದಲ್ಲಿ 'ವಿಕಲಚೇತನರು' ಎಂದು ಬರೆಯುತ್ತಾರೆ. ಹೆಸರು ಬದಲಾದರೆ ಹಕ್ಕು ಹೋಗುವುದಿಲ್ಲ.

ರೊಕ್ಕ ನಿಂತ ಮನೆಗಳೂ ಇವೆ. ಪ್ರಮಾಣಪತ್ರದ ಅವಧಿ ಮುಗಿದಿರಬಹುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಕ್ಕಿಲ್ಲ. ಒಂದು ಕಾಗದದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಬೇರೆ ಹೆಸರು ಇರಬಹುದು. ಇವೆಲ್ಲ ಸರಿ ಮಾಡಿಸಲು ಬರುವ ಕೆಲಸ.

ನಾವು ಏನು ಮಾಡೋಣ?

1. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಂಜೂರಾತಿ ಆದೇಶ, ಅಂಗವಿಕಲರ ಗುರುತಿನ ಚೀಟಿ ಒಂದೇ ಚೀಲದಲ್ಲಿ ಇಡೋಣ.

2. ಪ್ರಮಾಣಪತ್ರ ತೆಗೆದು ನೋಡೋಣ. ಶೇಕಡಾ ಎಷ್ಟು? ಶಾಶ್ವತವೋ, ತಾತ್ಕಾಲಿಕವೋ? ಯಾವ ತಾರೀಖಿನವರೆಗೆ? ಇಂಗ್ಲಿಷಿನಲ್ಲಿ ಇದ್ದರೆ ಓದಿಸಿಕೊಳ್ಳೋಣ. ಅಂಕಿಗಳನ್ನಂತೂ ನಾವೇ ಓದಬಲ್ಲೆವು.

3. ಗೊತ್ತಿದ್ದವರನ್ನು ಕೇಳೋಣ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಹೋಬಳಿಯಲ್ಲಿ ನಾಡಕಚೇರಿ ಇದೆ. ಅದರ ಮೇಲೆ ತಹಶೀಲ್ದಾರರ ಕಚೇರಿ. ಗಜೇಂದ್ರಗಡ ಮೊದಲು ರೋಣ ತಾಲ್ಲೂಕಿನಲ್ಲಿತ್ತು. ಈಗ ರೋಣ, ನರಗುಂದ, ಗಜೇಂದ್ರಗಡ ಮೂರೂ ಬೇರೆ ಬೇರೆ ತಾಲ್ಲೂಕು. ನಮ್ಮ ಊರು ಯಾವ ತಾಲ್ಲೂಕಿಗೆ ಸೇರಿದೆ ಎಂದು ತಿಳಿದು ಹೋಗೋಣ. ಬಸ್ಸಿನ ಖರ್ಚು ಉಳಿಯುತ್ತದೆ.

4. ಬಾಯಿಮಾತಿನಲ್ಲಿ ಕೇಳಿ ಬರುವುದು ಸಾಲದು. ಅರ್ಜಿ ಬರೆದು ಕೊಡೋಣ. ಸ್ವೀಕೃತಿ ಚೀಟಿ ಇಸಿದುಕೊಳ್ಳೋಣ.

5. "ರೊಕ್ಕ ಕೊಡ್ರಿ, ನಾ ಮಾಡಿಸಿಕೊಡ್ತೇನಿ" ಎನ್ನುವ ದಲ್ಲಾಳಿಗೆ ಒಂದು ಪೈಸೆಯೂ ಬೇಡ. ಫೋನಿಗೆ ಬಂದ ಗುಟ್ಟಿನ ಅಂಕಿ ಯಾರಿಗೂ ಹೇಳುವುದು ಬೇಡ.

ಅರ್ಜಿ ಹೀಗೆ ಬರೆಯೋಣ

*ಮಾನ್ಯ ತಹಶೀಲ್ದಾರರಿಗೆ,*
*ನನ್ನ ಮಗನ ಮಾಸಾಶನ ........ ತಿಂಗಳಿನಿಂದ ಬಂದಿಲ್ಲ. ಯಾವ ಕಾರಣಕ್ಕೆ ನಿಂತಿದೆ, ಏನು ಮಾಡಬೇಕು ಎಂದು ಬರವಣಿಗೆಯಲ್ಲಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.*
*ಹೆಸರು, ಊರು, ತಾರೀಖು, ಸಹಿ.*

ಇಲ್ಲಿ ಹೆಬ್ಬೆಟ್ಟು ಬೇಡ. ನಮ್ಮ ಸಹಿಯನ್ನೇ ಹಾಕೋಣ.

ಕಚೇರಿಗೆ ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದ ಇಬ್ಬರನ್ನು ಕರೆದುಕೊಂಡು ಹೋಗೋಣ. ಇಂಥ ಚಿಂತೆ ಇರುವ ಮನೆ ನಮ್ಮದೊಂದೇ ಅಲ್ಲ. ಒಂದೇ ದಿನಕ್ಕೆ ಕೆಲಸ ಆಗಲಿಕ್ಕಿಲ್ಲ. ಆದರೆ ಏನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದು ಗೊತ್ತಾದರೆ ಎದೆಯ ಭಾರ ಅರ್ಧ ಇಳಿಯುತ್ತದೆ.

ಓದಿ, ಬರೆಯಿರಿ
ಮಾಸಾಶನ – ಪ್ರಮಾಣಪತ್ರ – ಮಂಜೂರಾತಿ – ಸ್ವೀಕೃತಿ – ಅವಧಿ

ಉತ್ತರ ಹೇಳಿ
1. ನಿಮ್ಮ ಊರು ಯಾವ ತಾಲ್ಲೂಕಿನಲ್ಲಿದೆ?
2. ಅರ್ಜಿ ಕೊಟ್ಟ ಮೇಲೆ ಏನು ಇಸಿದುಕೊಳ್ಳಬೇಕು?
3. ನಿಮ್ಮ ಮನೆಯ ಪ್ರಮಾಣಪತ್ರದ ಅವಧಿ ಎಲ್ಲಿಯವರೆಗೆ ಇದೆ? ನೋಡಿ ಬನ್ನಿ.