ಬೆಲ್ಟಿಗೆ ಎಣ್ಣೆ ಬಿಡಬಹುದೇ? ‘ಘರ್ಷಣೆ’ ಪಾಠದಲ್ಲಿ ಸಿವಿಟಿ

ಹಿನ್ನೆಲೆ

ಬೋಧನಾಭ್ಯಾಸದ ಎರಡನೇ ವಾರ ಮುಳಬಾಗಿಲು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ‘ಘರ್ಷಣೆ’ ಘಟಕ ಬೋಧಿಸುತ್ತಿದ್ದೆ. ಘರ್ಷಣೆಯಿಂದ ಯಂತ್ರದ ಭಾಗಗಳು ಸವೆಯುತ್ತವೆ, ಬಿಸಿಯಾಗುತ್ತವೆ, ಆದ್ದರಿಂದ ಎಣ್ಣೆ ಅಥವಾ ಗ್ರೀಸ್ ಹಚ್ಚಬೇಕು ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು.

“ಮಿಸ್, ನಮ್ಮಪ್ಪ ಸ್ಕೂಟರಲ್ಲಿ ಹಾಲಿನ ಕ್ಯಾನ್ ಡೇರಿಗೆ ತಗೊಂಡ್ ಹೋಗ್ತಾರೆ. ಏರಲ್ಲಿ ಇಂಜಿನ್ ಕೂಗ್ತದೆ, ಗಾಡಿ ಮುಂದಕ್ಕೆ ಹೋಗಲ್ಲ. ಬೆಲ್ಟಿಗೆ ಎಣ್ಣೆ ಬಿಟ್ರೆ ಸರಿಹೋಗ್ತದಾ?”

ಗಂಟೆ ಹೊಡೆಯಲು ಎರಡೇ ನಿಮಿಷ ಇತ್ತು. “ಬಿಡಬಹುದು” ಎಂದುಬಿಟ್ಟೆ.

ಸಂಜೆ ಕೋಲಾರದ ಬಸ್ಸಿನಲ್ಲಿ ಆ ಉತ್ತರವೇ ಕೊರೆಯತೊಡಗಿತು. ಇಳಿದವಳೇ ಸ್ಕೂಟರ್ ಮೆಕ್ಯಾನಿಕ್ ಒಬ್ಬರ ಅಂಗಡಿಗೆ ಹೋಗಿ ಕೇಳಿದೆ. ಅವರು ಪಕ್ಕದ ಕವರ್ ಬಿಚ್ಚಿ ತೋರಿಸಿ, “ಎಣ್ಣೆ ಮುಟ್ಟಿದ ಮೇಲೆ ಅದು ಬೆಲ್ಟೇ ಅಲ್ಲಮ್ಮ” ಎಂದರು. ಮರುದಿನ ಪ್ರಾರ್ಥನೆಗೆ ಮೊದಲೇ ಆ ಹುಡುಗಿಯನ್ನು ಹುಡುಕಿದೆ. “ಅಪ್ಪ ಭಾನುವಾರ ಬಿಡ್ತೀನಿ ಅಂದ್ರು ಮಿಸ್” ಎಂದಳು. ಅಂದು ಗುರುವಾರ. ನನ್ನ ತಪ್ಪನ್ನು ಅವಳಿಗೆ ಹೇಳಿದೆ, ತರಗತಿಗೂ ಹೇಳಿದೆ. ನಂತರ ಈ ಪಾಠವನ್ನು ಹೊಸದಾಗಿ ಯೋಜಿಸಿದೆ.

ಉದ್ದೇಶ

ಶಕ್ತಿ ಸಾಗಿಸುವಲ್ಲಿ ಘರ್ಷಣೆ ಬೇಕು, ಜಾರುವಿಕೆ ಬೇಡ ಎಂಬ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗುರುತಿಸುವರು. ಒರಟು ಚಾಲನೆಯಿಂದ ಸಿವಿಟಿ ಏಕೆ ಬೇಗ ಹಾಳಾಗುತ್ತದೆ ಎಂಬುದನ್ನು ಕಾರಣ ಸಹಿತ ವಿವರಿಸುವರು.

ಸಾಮಗ್ರಿ ಮತ್ತು ಚಟುವಟಿಕೆ

ನಾಲ್ಕು ಪ್ಲಾಸ್ಟಿಕ್ ಆಲಿಕೆ, ಎರಡು ಬಿದಿರು ಕೋಲು, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ, ಒಂದು ಹನಿ ಕೊಬ್ಬರಿ ಎಣ್ಣೆ. ಪ್ರತಿ ಕೋಲಿಗೆ ಎರಡು ಆಲಿಕೆಗಳನ್ನು ಕಿರಿದಾದ ತುದಿಗಳು ಎದುರುಬದುರಾಗುವಂತೆ ಬಿಗಿಯಾಗಿ ಸಿಕ್ಕಿಸಿದರೆ ನಡುವೆ ‘ವಿ’ ಆಕಾರದ ಕಣಿವೆ ಬರುತ್ತದೆ. ಅದೇ ಪುಲ್ಲಿ. ಆಲಿಕೆಗಳನ್ನು ಹತ್ತಿರ ತಂದರೆ ಪಟ್ಟಿ ಮೇಲೇರುತ್ತದೆ, ದೂರ ಸರಿಸಿದರೆ ಕೋಲಿನತ್ತ ಇಳಿಯುತ್ತದೆ. ಗೇರಿನ ಹಲ್ಲುಗಳಿಲ್ಲದೆಯೇ ವೇಗದ ಅನುಪಾತ ಬದಲಾಗುವುದು ಹೀಗೆ.

ಒಬ್ಬಳು ಒಂದು ಕೋಲನ್ನು ತಿರುಗಿಸಿದಳು. ಇನ್ನೊಬ್ಬನು ಎರಡನೆಯದನ್ನು ಲಘುವಾಗಿ ತಡೆದು ಹಿಡಿದ. ನಿಧಾನವಾಗಿ ತಿರುಗಿಸಿದಾಗ ಎರಡೂ ತಿರುಗಿದವು. ಒಮ್ಮೆಲೇ ಜಗ್ಗಿದಾಗ ಮೊದಲನೆಯದು ಮಾತ್ರ ತಿರುಗಿ ಪಟ್ಟಿ ಜಾರಿತು. ಕೊನೆಗೆ ಪಟ್ಟಿಗೆ ಎಣ್ಣೆ ಸವರಿದೆವು. ನಿಧಾನವಾಗಿ ತಿರುಗಿಸಿದರೂ ಜಾರಿತು. ಹಾಲಿನ ಕ್ಯಾನಿನ ಪ್ರಶ್ನೆಗೆ ಉತ್ತರ ಮಕ್ಕಳ ಕೈಯಲ್ಲೇ ಸಿಕ್ಕಿತು.

ವಿವರಣೆ

ಈ ವ್ಯವಸ್ಥೆ ನಮ್ಮ ಜಿಲ್ಲೆಗೆ ಹೊಸದಲ್ಲ. 2013ರಿಂದ ನರಸಾಪುರದ ಹೋಂಡಾ ಕಾರ್ಖಾನೆಯಲ್ಲಿ ತಯಾರಾಗುತ್ತಿರುವ ಸ್ಕೂಟರುಗಳಲ್ಲಿ ಇರುವುದೂ ಇದೇ ತತ್ವ. ಕಾರಿನಲ್ಲಿ ಇದನ್ನು ಮೊದಲು ಹೆಚ್ಚು ಜನರಿಗೆ ತಲುಪಿಸಿದ್ದು ನೆದರ್ಲೆಂಡ್ಸಿನ ಡಾಫ್ ಕಂಪನಿ, 1958ರಲ್ಲಿ, ರಬ್ಬರ್ ಬೆಲ್ಟಿನೊಂದಿಗೆ. ಇಂದಿನ ಹೆಚ್ಚಿನ ಸಿವಿಟಿ ಕಾರುಗಳಲ್ಲಿ ಉಕ್ಕಿನ ಬೆಲ್ಟ್ ಅಥವಾ ಸರಪಳಿ ಇರುತ್ತದೆ.

ಇಲ್ಲಿ ಒಬ್ಬ ಹುಡುಗ ಸರಿಯಾಗಿಯೇ ಹಿಡಿದ: “ಕಾರಿನ ಗೇರ್‌ಬಾಕ್ಸಲ್ಲಿ ಎಣ್ಣೆ ಇರ್ತದಲ್ಲ ಮಿಸ್, ಅದು ಜಾರಲ್ವಾ?” ಈ ಬಾರಿ ನಾನು ಸಿದ್ಧಳಾಗಿದ್ದೆ. ಸಿವಿಟಿಯ ಎಣ್ಣೆ ತಂಪು ಮಾಡುತ್ತದೆ, ಸವೆತ ತಡೆಯುತ್ತದೆ. ಆದರೆ ಒತ್ತಿ ಹಿಡಿದ ಉಕ್ಕು ಉಕ್ಕಿನ ಮೇಲೆ ಜಾರದಷ್ಟು ಘರ್ಷಣೆ ಉಳಿಸುವಂತೆ ಅದನ್ನು ತಯಾರಿಸಿರುತ್ತಾರೆ. ಆದ್ದರಿಂದಲೇ ಅದಕ್ಕೆ ಬೇರೆ ಎಣ್ಣೆ ಹಾಕಬಾರದು. ಜೊತೆಗೆ ಪಂಪು ಎಣ್ಣೆಯ ಒತ್ತಡದಿಂದ ಪುಲ್ಲಿಗಳನ್ನು ಬೆಲ್ಟಿನ ಮೇಲೆ ಬಲವಾಗಿ ಅದುಮುತ್ತದೆ.

ಒರಟು ಚಾಲನೆಯಲ್ಲಿ ಏನಾಗುತ್ತದೆ? ನಿಂತ ಕಾರಿನ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಂಜಿನ್ ಕಡೆಯ ಪುಲ್ಲಿಯಲ್ಲಿ ಬೆಲ್ಟ್ ಅತಿ ಸಣ್ಣ ತ್ರಿಜ್ಯದಲ್ಲಿರುತ್ತದೆ. ಅದೇ ತಿರುಗುಬಲಕ್ಕೆ ತ್ರಿಜ್ಯ ಚಿಕ್ಕದಾದಷ್ಟೂ ಬೆಲ್ಟಿನ ಮೇಲಿನ ಬಲ ಹೆಚ್ಚು. ಗುಂಡಿಯಲ್ಲಿ ಚಕ್ರ ಬರಿದೇ ಸುತ್ತಿ ತಟಕ್ಕನೆ ನೆಲ ಹಿಡಿದರೆ ಆ ಆಘಾತ ಬೆಲ್ಟಿಗೂ ತಲುಪುತ್ತದೆ. ಒತ್ತು, ಬ್ರೇಕ್, ಮತ್ತೆ ಒತ್ತು ಎಂದು ಓಡಿಸಿದರೆ ಬೆಲ್ಟ್ ಪದೇ ಪದೇ ಏರಿಳಿಯುತ್ತದೆ, ಎಣ್ಣೆ ತಣ್ಣಗಾಗಲು ಬಿಡುವು ಸಿಗದು.

ಬಲ ಸ್ಥಾಯಿ ಘರ್ಷಣೆಯ ಮಿತಿ ದಾಟಿದರೆ ಬೆಲ್ಟ್ ಜಾರುತ್ತದೆ. ಒಂದು ಊಹೆಯ ಲೆಕ್ಕ: 2000 ನ್ಯೂಟನ್ ಘರ್ಷಣಾ ಬಲದಲ್ಲಿ ಬೆಲ್ಟ್ ಸೆಕೆಂಡಿಗೆ 0.5 ಮೀಟರ್ ಜಾರಿದರೆ ಹುಟ್ಟುವ ಶಾಖ 1000 ವ್ಯಾಟ್. ಅಂದರೆ ಗೇರ್‌ಬಾಕ್ಸಿನೊಳಗೆ ಒಂದು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟಂತೆ. ಜಾರದಿದ್ದರೆ ಈ ಶಾಖವಿಲ್ಲ. ಜಾರಿದಾಗ ಪುಲ್ಲಿಯ ನುಣುಪು ಮೈಗೆ ಗೀರು ಬೀಳಬಹುದು, ಉದುರಿದ ಲೋಹದ ಪುಡಿ ಎಣ್ಣೆಗೆ ಸೇರುತ್ತದೆ. ಬಿಸಿಗೆ ಎಣ್ಣೆ ಬೇಗ ಹಳತಾಗಿ ಹಿಡಿತ ಇನ್ನೂ ಕಡಿಮೆಯಾಗುತ್ತದೆ. ಒಂದು ದಿನದ ಅವಸರಕ್ಕೆ ಸಿವಿಟಿ ಕೆಡುವುದಿಲ್ಲ. ಅಂಥ ಹೊತ್ತಿನಲ್ಲಿ ಕಾರಿನ ಕಂಪ್ಯೂಟರ್ ಒತ್ತಡ ಹೆಚ್ಚಿಸುತ್ತದೆ, ಅತಿ ಬಿಸಿಯಾದರೆ ಇಂಜಿನ್ ಶಕ್ತಿಯನ್ನೇ ತಗ್ಗಿಸುತ್ತದೆ. ಕೆಡಿಸುವುದು ದಿನನಿತ್ಯದ ರೂಢಿ.

ಮೌಲ್ಯಮಾಪನ

1. ಶ್ರೀನಿವಾಸಪುರದಿಂದ ಮಾವಿನ ಕ್ರೇಟು ಹೊತ್ತ ಸ್ಕೂಟರ್ ಏರಿನಲ್ಲಿ ನಿಂತಿದೆ. ಸವಾರ ಹೇಗೆ ಹೊರಡಿಸಬೇಕು? ಏಕೆ?
2. ಇಂಜಿನ್ ಸದ್ದು ಏರಿದರೂ ಗಾಡಿಯ ವೇಗ ಏರದಿದ್ದರೆ ಎಲ್ಲಿ ಜಾರುತ್ತಿರಬಹುದು?
3. ಸೈಕಲ್ಲಿನ ಚೈನಿಗೆ ಎಣ್ಣೆ ಬೇಕು, ಸ್ಕೂಟರಿನ ಬೆಲ್ಟಿಗೆ ಬೇಡ. ಕಾರಣ ಕೊಡಿ.

ಮೂರನೆಯದಕ್ಕೆ ಹೆಚ್ಚಿನವರು ಸರಿಯಾಗಿ ಬರೆದರು: ಚೈನಿಗೆ ಹಲ್ಲಿನ ಆಸರೆ ಇದೆ, ಬೆಲ್ಟಿಗೆ ಘರ್ಷಣೆಯೇ ಆಸರೆ. ಆದರೆ ಕೆಲವರು ‘ಜೋರಾಗಿ ಓಡಿಸಿದರೆ ಬೆಲ್ಟ್ ಜಾರುತ್ತದೆ’ ಎಂದು ಬರೆದಿದ್ದರು. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಹೋಗುವ ವೇಗಕ್ಕೂ ತಟಕ್ಕನೆ ಜಗ್ಗುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಿರಲಿಲ್ಲ. ಮುಂದಿನ ಬಾರಿ ಚಟುವಟಿಕೆಯಲ್ಲೇ ಮೂರನೇ ಹಂತವಾಗಿ ‘ಬೇಗ, ಆದರೆ ಹದವಾಗಿ’ ತಿರುಗಿಸುವುದನ್ನು ಸೇರಿಸುತ್ತೇನೆ.

ನಾನು ಕಲಿತದ್ದು

ಅನುಕೂಲ, ಅನನುಕೂಲ ಎಂದು ಹಲಗೆಯ ಮೇಲೆ ಎರಡು ಪಟ್ಟಿ ಮಾಡುವುದು ಸುಲಭ. ಮಕ್ಕಳು ಆ ಪಟ್ಟಿಯನ್ನು ಮನೆಗೆ ಒಯ್ದು ನಿಜವಾದ ಗಾಡಿಗೆ ಅನ್ವಯಿಸುತ್ತಾರೆ. ಗೊತ್ತಿಲ್ಲದ ಪ್ರಶ್ನೆಗೆ “ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ” ಎನ್ನಲು ನಾನು ಕಲಿಯಬೇಕಿತ್ತು. ಹುಡುಗಿಯ ಅಪ್ಪ ಮೆಕ್ಯಾನಿಕ್ ಬಳಿ ತೋರಿಸಿದಾಗ ಬೆಲ್ಟ್ ಸವೆದಿತ್ತು. ಹೊಸದು ಹಾಕಿಸಿದರಂತೆ. ಏರಿನಲ್ಲಿ ಈಗ ಜಗ್ಗುವುದಿಲ್ಲ, ಮೆಲ್ಲಗೆ ಹತ್ತಿಸುತ್ತಾರೆ ಎಂದು ಅವಳೇ ಬಂದು ಹೇಳಿದಳು.