ಮಸಾಯಿ ಮಾರಾ: ಮೊದಲು ನೆಲ ಆರಿಸಿ, ಆಮೇಲೆ ಟೆಂಟು

ಕೆನ್ಯಾದ ಮಸಾಯಿ ಮಾರಾಕ್ಕೆ ಹೋಗಬೇಕೆಂದು ಹಣ ಕೂಡಿಟ್ಟವರು ಮೊದಲು ಮಾಡುವ ಕೆಲಸ ಕ್ಯಾಂಪ್‌ಗಳ ಫೋಟೊ ನೋಡುವುದು. ಬಯಲಿಗೆ ಮುಖ ಮಾಡಿದ ಮಂಚ, ತಾಮ್ರದ ಬಾತ್‌ಟಬ್, ಕಟ್ಟೆಯಂಚಿನ ಈಜುಕೊಳ, ಎಲ್ಲವೂ ಚೆಂದವೇ. ಆದರೆ ಪ್ರವಾಸ ಹೇಗಾಗುತ್ತದೆ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಫೋಟೊದಲ್ಲಿ ಕಾಣುವುದಿಲ್ಲ. ಕ್ಯಾಂಪ್ ಯಾರ ನೆಲದಲ್ಲಿದೆ? ಅಲ್ಲಿ ಎಷ್ಟು ವಾಹನ ಓಡಾಡುತ್ತವೆ? ಗೈಡ್‌ಗೆ ಆ ಬಯಲು ಎಷ್ಟು ಗೊತ್ತು? ನೀವು ಕೊಟ್ಟ ಹಣದಲ್ಲಿ ಅಲ್ಲಿನ ಮಸಾಯಿ ಕುಟುಂಬಗಳಿಗೆ ಏನು ಸೇರುತ್ತದೆ?

ಕಬಿನಿ, ಬಂಡೀಪುರಗಳಲ್ಲಿ ಉಳಿದು ಬಂದವರು ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ನೀವು ಯಾವ ರೆಸಾರ್ಟ್‌ನಲ್ಲಿದ್ದರೂ ಸಫಾರಿಗೆ ಅರಣ್ಯ ಇಲಾಖೆಯ ವೇಳೆ, ಇಲಾಖೆಯ ವಲಯ. ಮಾರಾದಲ್ಲಿ ವಾಹನ, ಗೈಡ್, ಹೊರಡುವ ಹೊತ್ತು, ಓಡಾಡುವ ಜಾಗ ಬಹುಪಾಲು ಕ್ಯಾಂಪ್‌ನ ಆಯ್ಕೆಯಿಂದಲೇ ನಿರ್ಧಾರವಾಗುತ್ತವೆ. ಹೆಸರಾಂತ ಕ್ಯಾಂಪ್‌ಗಳಲ್ಲಿ ಜನ ಹೆಚ್ಚು ಬರುವ ತಿಂಗಳುಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಸಾವಿರ ಡಾಲರ್ ದಾಟುವುದು ಸಾಮಾನ್ಯ. ಅಷ್ಟು ಕೊಡುವಾಗ ಆಯ್ಕೆಯ ಕ್ರಮ ಹೀಗಿರಲಿ: ನೆಲ, ಕಾಲ, ಗೈಡ್, ಲೆಕ್ಕ, ಆಮೇಲೆ ಟೆಂಟು.

ಹೆಜ್ಜೆ 1: ನೆಲ

ಮಾರಾ ಎಂದು ಒಂದೇ ಹೆಸರಿನಲ್ಲಿ ಮಾರಾಟವಾಗುವುದು ವಾಸ್ತವದಲ್ಲಿ ಮೂರು ಬೇರೆ ಬೇರೆ ಜಾಗ.

ಮೊದಲನೆಯದು ರಾಷ್ಟ್ರೀಯ ಮೀಸಲು. ಸುಮಾರು 1,510 ಚದರ ಕಿಲೋಮೀಟರಿನ ಈ ಮೀಸಲು ದಕ್ಷಿಣದಲ್ಲಿ ತಾಂಜಾನಿಯಾದ ಸೆರೆಂಗೆಟಿಗೆ ಬೇಲಿಯಿಲ್ಲದೆ ಕೂಡಿಕೊಂಡಿದೆ. ನರೋಕ್ ಕೌಂಟಿ ಸರ್ಕಾರದ ಆಡಳಿತಕ್ಕೆ ಸೇರಿದ್ದು. ನದಿ, ದೊಡ್ಡ ಬಯಲು, ವಲಸೆಯ ಹಿಂಡು ಎಲ್ಲ ಇಲ್ಲಿವೆ. ಟಿಕೆಟ್ ಕೊಂಡ ಯಾರು ಬೇಕಾದರೂ ಒಳಗೆ ಬರಬಹುದಾದ್ದರಿಂದ ಆಗಸ್ಟ್‌ನಲ್ಲಿ ಒಂದು ಚಿರತೆಯ ಸುತ್ತ ಹತ್ತಾರು ವಾಹನ ಸೇರುವುದೂ ಇಲ್ಲಿಯೇ. ದಾರಿ ಬಿಟ್ಟು ವಾಹನ ಇಳಿಸುವಂತಿಲ್ಲ. ಕತ್ತಲಾದ ಮೇಲೆ ಸಫಾರಿ ಇಲ್ಲ.

ಎರಡನೆಯದು ಮಾರಾ ಟ್ರಯಾಂಗಲ್. ಮೀಸಲಿನದೇ ಭಾಗ, ಆದರೆ ಮಾರಾ ನದಿಯ ಪಶ್ಚಿಮಕ್ಕಿದೆ. 2001ರಿಂದ ಇದನ್ನು ಮಾರಾ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ರಸ್ತೆ ಚೆನ್ನಾಗಿವೆ, ನಿಯಮ ಬಿಗಿ, ಒಳಗಿರುವ ವಸತಿ ಕಡಿಮೆ. ಗುಡ್ಡದ ಮೇಲಿನ ಮಾರಾ ಸೆರೆನಾ ಲಾಡ್ಜ್ ಇರುವುದು ಇಲ್ಲಿ. ನದಿ ನಡುವೆ ಇರುವುದರಿಂದ ಪೂರ್ವದ ದಡಕ್ಕೆ ಹೋಗಬೇಕೆಂದರೆ ಮೀಸಲಿನ ದಕ್ಷಿಣ ತುದಿಯ ಪುರುಂಗಟ್ ಸೇತುವೆಯವರೆಗೂ ಸುತ್ತಿ ಬರಬೇಕು. ಹಾಗಾಗಿ ಯಾವ ದಡದಲ್ಲಿ ಇಳಿಯುತ್ತೀರಿ ಎಂಬುದನ್ನು ಬುಕ್ ಮಾಡುವಾಗಲೇ ಕೇಳಿ.

ಮೂರನೆಯದು ಕನ್ಸರ್ವೆನ್ಸಿಗಳು. ಮೀಸಲಿನ ಉತ್ತರ ಮತ್ತು ಪೂರ್ವಕ್ಕಿರುವ ಈ ನೆಲ ಮಸಾಯಿ ಕುಟುಂಬಗಳದು. ಒಟ್ಟುಗೂಡಿ ಬಳಸುತ್ತಿದ್ದ ಹುಲ್ಲುಗಾವಲು ಕುಟುಂಬಗಳ ಹೆಸರಿಗೆ ಹಂಚಿಹೋದಾಗ ತುಂಡು ತುಂಡಾಗಿ ಬೇಲಿ ಬೀಳುವ ಅಪಾಯ ಬಂತು. ಆಗ ಮಾಲೀಕರು ಜಮೀನುಗಳನ್ನು ಮತ್ತೆ ಕೂಡಿಸಿ ಪ್ರವಾಸೋದ್ಯಮಕ್ಕೆ ಗುತ್ತಿಗೆ ಕೊಟ್ಟರು. ಓಲ್ ಕಿನ್ಯೆ, ಓಲರೆ ಮೊಟೊರೊಗಿ, ಮಾರಾ ನಾರ್ತ್, 2010ರಲ್ಲಿ ಶುರುವಾದ ನಬೊಯಿಶೊ ಇವುಗಳಲ್ಲಿ ಮುಖ್ಯವಾದವು. ಅಲ್ಲೇ ಉಳಿದ ಅತಿಥಿಗಳಿಗೆ ಮಾತ್ರ ಸಫಾರಿ. ಓಲ್ ಕಿನ್ಯೆಯಂಥ ಕಡೆ 700 ಎಕರೆಗೆ ಒಂದೇ ಟೆಂಟ್ ಎಂಬ ಮಿತಿಯಿದೆ. ಒಂದು ಪ್ರಾಣಿಯ ಬಳಿ ನಾಲ್ಕೈದು ವಾಹನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ರಾತ್ರಿ ಸಫಾರಿ, ಶಸ್ತ್ರಧಾರಿ ಗೈಡ್ ಜೊತೆ ನಡಿಗೆ, ಅಗತ್ಯವಿದ್ದಲ್ಲಿ ದಾರಿ ಬಿಟ್ಟು ಹೋಗುವುದು ಇವಕ್ಕೆಲ್ಲ ಇಲ್ಲಿ ಅವಕಾಶವುಂಟು.

ಕನ್ಸರ್ವೆನ್ಸಿಯಲ್ಲಿ ಉಳಿದವರು ಮೀಸಲಿನ ಶುಲ್ಕ ಕಟ್ಟಿ ಒಂದು ದಿನ ಒಳಗೆ ಹೋಗಿ ಬರಬಹುದು. ಮೀಸಲಿನಲ್ಲಿ ಉಳಿದವರು ಕನ್ಸರ್ವೆನ್ಸಿಗೆ ಹೀಗೆ ಹೋಗಿಬರಲಾಗದು. ಸದ್ದಿಲ್ಲದೆ, ಗುಂಪಿಲ್ಲದೆ ಪ್ರಾಣಿಗಳನ್ನು ನೋಡಬೇಕೆನ್ನುವವರಿಗೆ ನನ್ನ ಮೊದಲ ಸಲಹೆ ಕನ್ಸರ್ವೆನ್ಸಿಯೇ. ಮಾರಾದ ನಿಜವಾದ ಐಷಾರಾಮ ಆ ಖಾಲಿ ಜಾಗ.

ಹೆಜ್ಜೆ 2: ಕಾಲ

ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು, ಲಕ್ಷಗಟ್ಟಲೆ ಜೀಬ್ರಾಗಳು ಸೆರೆಂಗೆಟಿ ಮತ್ತು ಮಾರಾ ನಡುವೆ ಹುಲ್ಲು ಹುಡುಕಿಕೊಂಡು ಸುತ್ತುತ್ತವೆ. ಮಾರಾದಲ್ಲಿ ಅವು ಕಾಣುವುದು ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ. ಮಳೆ ಎಲ್ಲಿ ಬಿತ್ತೋ ಹಿಂಡು ಅಲ್ಲಿಗೆ ತಿರುಗುವುದರಿಂದ ನದಿ ದಾಟುವ ದಿನವನ್ನು ಯಾರೂ ಖಾತರಿ ಕೊಡಲಾರರು. ಕೊಡುತ್ತೇನೆ ಎನ್ನುವ ಏಜೆಂಟನ್ನು ನಂಬಬೇಡಿ. ನದಿ ದಾಟುವುದನ್ನು ನೋಡುವುದೇ ಮುಖ್ಯ ಆಸೆಯಾದರೆ ನದಿಗೆ ಹತ್ತಿರದ ಕ್ಯಾಂಪ್ ಹಿಡಿಯಿರಿ, ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ. ನಬೊಯಿಶೊದಂಥ ಪೂರ್ವದ ಕನ್ಸರ್ವೆನ್ಸಿಯಿಂದ ನದಿಗೆ ಹೋಗಿ ಬರಲು ದಿನದ ದೊಡ್ಡ ಪಾಲು ಬೇಕು.

ಸಿಂಹ, ಚಿರತೆ, ಚೀತಾ, ಆನೆ, ಜಿರಾಫೆಗಳು ವರ್ಷವಿಡೀ ಅಲ್ಲೇ ಇರುತ್ತವೆ. ಜನವರಿ, ಫೆಬ್ರುವರಿಯಲ್ಲಿ ಬಿಸಿಲಿರುತ್ತದೆ, ಜನ ಕಡಿಮೆ, ದರವೂ ಇಳಿದಿರುತ್ತದೆ. ಮಾರ್ಚ್ ನಡುವಿನಿಂದ ಮೇ ತನಕ ದೊಡ್ಡ ಮಳೆಗಾಲ. ಕೆಲವು ಕ್ಯಾಂಪ್‌ಗಳು ಏಪ್ರಿಲ್, ಮೇಯಲ್ಲಿ ಬಾಗಿಲು ಹಾಕುತ್ತವೆ. ವಲಸೆ ನೋಡಲೇಬೇಕೆಂಬ ಹಟವಿಲ್ಲದವರಿಗೆ ಜನವರಿ–ಫೆಬ್ರುವರಿಯೇ ಒಳ್ಳೆಯ ಕಾಲ. ಅದೇ ಹಣಕ್ಕೆ ಇನ್ನೂ ಒಳ್ಳೆಯ ಕ್ಯಾಂಪ್ ಸಿಗುತ್ತದೆ.

ಹೆಜ್ಜೆ 3: ಗೈಡ್ ಮತ್ತು ವಾಹನ

ದಿನಕ್ಕೆ ಏಳೆಂಟು ಗಂಟೆ ನೀವು ಇರುವುದು ವಾಹನದಲ್ಲಿ. ಆದ್ದರಿಂದ ಕೋಣೆಗಿಂತ ಮೊದಲು ಇವೆರಡರ ಬಗ್ಗೆ ಕೇಳಿ.

ಗೈಡ್‌ಗಳಿಗೆ ಕೆನ್ಯಾ ಪ್ರೊಫೆಷನಲ್ ಸಫಾರಿ ಗೈಡ್ಸ್ ಅಸೋಸಿಯೇಷನ್ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂಬ ದರ್ಜೆ ಕೊಡುತ್ತದೆ. ಬೆಳ್ಳಿ ದರ್ಜೆಯವರು ಎಷ್ಟು ಜನರಿದ್ದಾರೆ ಎಂದು ಕ್ಯಾಂಪ್‌ಗೆ ಕೇಳಿದರೆ ಒಳ್ಳೆಯ ಕ್ಯಾಂಪ್ ಹೆಮ್ಮೆಯಿಂದ ಉತ್ತರ ಕೊಡುತ್ತದೆ. ಅದೇ ಊರಿನ ಮಸಾಯಿ ಗೈಡ್‌ಗಳಿದ್ದರೆ ಇನ್ನೂ ಒಳ್ಳೆಯದು. ಯಾವ ಸಿಂಹದ ಗುಂಪು ಯಾವ ಹಳ್ಳದಲ್ಲಿದೆ, ಚೀತಾ ಮರಿಗಳಿಗೆ ಎಷ್ಟು ತಿಂಗಳಾಯಿತು ಎಂಬುದು ದಿನವೂ ಅಲ್ಲೇ ಬದುಕುವವರಿಗೆ ಗೊತ್ತಿರುತ್ತದೆ. ಗಾಳಿ ನೋಡಿ, ಬೆಳಕು ನೋಡಿ, ಪ್ರಾಣಿಗೆ ತೊಂದರೆಯಾಗದಷ್ಟು ದೂರದಲ್ಲಿ ವಾಹನ ನಿಲ್ಲಿಸುವುದು ವರ್ಷಗಟ್ಟಲೆ ಕಲಿತ ವಿದ್ಯೆ.

ವಾಹನದ ವಿಷಯದಲ್ಲಿ ಮೂರು ಪ್ರಶ್ನೆ. ಫೋರ್ ವೀಲ್ ಡ್ರೈವ್ ಲ್ಯಾಂಡ್ ಕ್ರೂಸರೋ, ಮಿನಿವ್ಯಾನೋ? ಒಂದು ವಾಹನದಲ್ಲಿ ಎಷ್ಟು ಜನ, ಎಲ್ಲರಿಗೂ ಅಂಚಿನ ಸೀಟು ಸಿಗುತ್ತದೆಯೇ? ನಿಮಗಷ್ಟೇ ಪ್ರತ್ಯೇಕ ವಾಹನ ಬೇಕೆಂದರೆ ದಿನಕ್ಕೆ ಎಷ್ಟು? ದೊಡ್ಡ ಕ್ಯಾಮೆರಾ ಹೊತ್ತವರು, ಚಿಕ್ಕ ಮಕ್ಕಳಿರುವವರು, ಹಕ್ಕಿಗಳಿಗಾಗಿ ಹೋಗುವವರು ಪ್ರತ್ಯೇಕ ವಾಹನಕ್ಕೆ ಹಣ ಎತ್ತಿಡುವುದು ಲೇಸು. ಇದಕ್ಕಾಗಿ ಟೆಂಟ್‌ನ ದರ್ಜೆ ಒಂದು ಮೆಟ್ಟಿಲು ಇಳಿಸಿದರೂ ನಷ್ಟವಿಲ್ಲ.

ಹೆಜ್ಜೆ 4: ದರದೊಳಗಿನ ಲೆಕ್ಕ

ಎರಡು ಕ್ಯಾಂಪ್‌ಗಳ ದರ ಹೋಲಿಸುವಾಗ ಒಳಗೇನಿದೆ ನೋಡಬೇಕು. ‘ಫುಲ್ ಬೋರ್ಡ್’ ಎಂದರೆ ಸಾಮಾನ್ಯವಾಗಿ ವಸತಿ ಮತ್ತು ಮೂರು ಹೊತ್ತಿನ ಊಟ ಮಾತ್ರ. ‘ಗೇಮ್ ಪ್ಯಾಕೇಜ್’ ಎಂದರೆ ಸಫಾರಿಯೂ ಸೇರುತ್ತದೆ. ‘ಆಲ್ ಇನ್‌ಕ್ಲೂಸಿವ್’ ಎಂದರೂ ಪ್ರವೇಶ ಶುಲ್ಕ ಹೊರಗಿರಬಹುದು.

ಈ ಶುಲ್ಕ ಸಣ್ಣದಲ್ಲ. 2024ರಿಂದ ಮೀಸಲಿನಲ್ಲಿ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ, 12 ಗಂಟೆಗಷ್ಟೇ. ಆಗಸ್ಟ್‌ನಲ್ಲಿ ದಂಪತಿ ಮೂರು ದಿನ ಮೀಸಲಿನಲ್ಲಿದ್ದರೆ ಶುಲ್ಕವೇ 1,200 ಡಾಲರ್. ಹೊರಡುವ ದಿನ ಎಷ್ಟು ಗಂಟೆಯೊಳಗೆ ಮೀಸಲು ಬಿಟ್ಟರೆ ಇನ್ನೊಂದು ದಿನದ ಶುಲ್ಕ ಬೀಳುವುದಿಲ್ಲ ಎಂಬುದನ್ನೂ ಕೇಳಿಕೊಳ್ಳಿ. ಕನ್ಸರ್ವೆನ್ಸಿಗಳಿಗೆ ಬೇರೆಯೇ ಶುಲ್ಕವಿದೆ. ಕೆಲವು ಕ್ಯಾಂಪ್‌ಗಳು ಅದನ್ನು ದರದಲ್ಲೇ ಸೇರಿಸುತ್ತವೆ, ಕೆಲವು ಬೇರೆ ಹಾಕುತ್ತವೆ.

ಏರ್‌ಸ್ಟ್ರಿಪ್‌ನಿಂದ ಕರೆತರುವ ಖರ್ಚು, ಪಾನೀಯ, ಬಟ್ಟೆ ಒಗೆಯುವುದು, ತುರ್ತು ವೈದ್ಯಕೀಯ ವಿಮಾನದ ರಕ್ಷಣೆ ಇವು ಸೇರಿವೆಯೇ ನೋಡಿ. ಒಬ್ಬರೇ ಹೋಗುವವರಿಗೆ ‘ಸಿಂಗಲ್ ಸಪ್ಲಿಮೆಂಟ್’ ಎಂಬ ಹೆಚ್ಚುವರಿ ಬೀಳುತ್ತದೆ. ಮಳೆಗಾಲದ ಆಸುಪಾಸಿನಲ್ಲಿ ಅದನ್ನು ಮನ್ನಾ ಮಾಡುವ ಕ್ಯಾಂಪ್‌ಗಳುಂಟು. ಬಲೂನ್ ಹಾರಾಟ ಯಾವಾಗಲೂ ಪ್ರತ್ಯೇಕ. ತಲೆಗೆ ಸುಮಾರು 450–500 ಡಾಲರ್. ಭಾರತದ ಏಜೆನ್ಸಿ ಮೂಲಕ ವಿದೇಶಿ ಪ್ಯಾಕೇಜ್ ಕೊಂಡರೆ ದರದ ಮೇಲೆ ಟಿಸಿಎಸ್ ಎಂಬ ತೆರಿಗೆಯನ್ನೂ ವಸೂಲು ಮಾಡುತ್ತಾರೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದಾದರೂ ಆ ಹೊತ್ತಿಗೆ ಕೈಯಲ್ಲಿ ಹಣ ಬೇಕು.

ಹೆಜ್ಜೆ 5: ಟೆಂಟು

ಈಗ ಫೋಟೊಗಳತ್ತ ಬರೋಣ. ಗಟ್ಟಿ ಗೋಡೆಯ ದೊಡ್ಡ ಲಾಡ್ಜ್‌ಗಳಿವೆ. 1972ರಿಂದ ನದಿದಡದಲ್ಲಿರುವ ಗವರ್ನರ್ಸ್ ಕ್ಯಾಂಪ್‌ನಂಥ ಹಳೆಯ ಟೆಂಟ್ ಕ್ಯಾಂಪ್‌ಗಳಿವೆ. ಓಲರೆ ಮೊಟೊರೊಗಿಯ ಮಹಾಲಿ ಮ್ಜುರಿಯಂತೆ ಹನ್ನೆರಡೇ ಟೆಂಟ್‌ಗಳ ಸಣ್ಣ ಕ್ಯಾಂಪ್‌ಗಳೂ ಇವೆ. ಟೆಂಟ್ ಎಂದು ಗಾಬರಿಯಾಗಬೇಡಿ. ಮಂಚ, ಒಳಗೇ ಶೌಚಾಲಯ, ಬಿಸಿನೀರಿನ ಸ್ನಾನ ಎಲ್ಲ ಇರುತ್ತವೆ. ಕೆಲವು ಕ್ಯಾಂಪ್‌ಗಳಲ್ಲಿ ಹೇಳಿದ ಹೊತ್ತಿಗೆ ಬಿಸಿನೀರು ತಂದು ಮೇಲಿನ ತೊಟ್ಟಿಗೆ ಸುರಿಯುತ್ತಾರೆ.

ಬಹಳಷ್ಟು ಕ್ಯಾಂಪ್‌ಗಳಿಗೆ ಬೇಲಿಯಿಲ್ಲ. ರಾತ್ರಿ ಆನೆ, ನೀರಾನೆ ಟೆಂಟ್ ಪಕ್ಕದಲ್ಲೇ ಮೇಯುತ್ತವೆ. ಕತ್ತಲಾದ ಮೇಲೆ ಊಟಕ್ಕೆ ಹೋಗಿಬರಲು ಕಾವಲುಗಾರ ಜೊತೆಗೆ ಬರುತ್ತಾನೆ, ಒಬ್ಬರೇ ಹೊರಬೀಳುವಂತಿಲ್ಲ. ಇದೇ ಕಾರಣಕ್ಕೆ ಹಲವು ಕಡೆ ಮಕ್ಕಳಿಗೆ ವಯಸ್ಸಿನ ಮಿತಿಯಿದೆ. ಮಕ್ಕಳಿದ್ದರೆ ಎರಡು ಕೋಣೆಗಳ ಫ್ಯಾಮಿಲಿ ಟೆಂಟ್ ಕೇಳಿ. ಹಿರಿಯರಿದ್ದರೆ ಊಟದ ಮನೆಗೆ ಹತ್ತಿರದ ಟೆಂಟ್, ಮೆಟ್ಟಿಲಿಲ್ಲದ ದಾರಿ ಬೇಕೆಂದು ಬರವಣಿಗೆಯಲ್ಲೇ ತಿಳಿಸಿ. ಓಲೊಲೊಲೊ ಏರಿನ ನೆತ್ತಿಯಲ್ಲಿರುವ ಅಂಗಾಮಾದಂಥ ಜಾಗದಿಂದ ಇಡೀ ಬಯಲು ಕಾಣುತ್ತದೆ. ಸಫಾರಿಗೆ ಮಾತ್ರ ಪ್ರತಿಸಲ ಏರಿಳಿಯಬೇಕು.

ಮಾರಾ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿದೆ. ಆಗಸ್ಟ್‌ನ ಬೆಳಗಿನ ಹೊತ್ತು ತೆರೆದ ವಾಹನದಲ್ಲಿ ಸ್ವೆಟರ್ ಸಾಲದು, ಜಾಕೆಟ್ ಬೇಕು. ವಿದ್ಯುತ್ ಬಹುತೇಕ ಸೋಲಾರ್. ಕ್ಯಾಮೆರಾ ಚಾರ್ಜಿಂಗ್ ಎಲ್ಲಿ, ಎಷ್ಟು ಹೊತ್ತು ಎಂದು ವಿಚಾರಿಸಿ. ಪ್ಲಗ್ ಮೂರು ಚಪ್ಪಟೆ ಕಡ್ಡಿಯ ಬ್ರಿಟಿಷ್ ಮಾದರಿಯದು. ಸಸ್ಯಾಹಾರದ ಬಗ್ಗೆ ಚಿಂತೆ ಬೇಡ. ಕೆನ್ಯಾದಲ್ಲಿ ತಲೆಮಾರುಗಳಿಂದ ಭಾರತೀಯರಿದ್ದಾರೆ. ಚಪಾತಿ ಅಲ್ಲಿನವರ ದಿನನಿತ್ಯದ ಊಟವೇ ಆಗಿದೆ. ಈರುಳ್ಳಿ ಬೆಳ್ಳುಳ್ಳಿ ಬೇಡದವರು, ಮೊಟ್ಟೆ ತಿನ್ನದವರು ಬುಕ್ಕಿಂಗ್ ಹೊತ್ತಿಗೇ ಬಿಡಿಸಿ ಹೇಳಬೇಕು. ಕ್ಯಾಂಪ್‌ಗೆ ತರಕಾರಿ ಬರುವುದು ದೂರದಿಂದ.

ಹೆಜ್ಜೆ 6: ಹಣ ಯಾರಿಗೆ ಸೇರುತ್ತದೆ?

ಇದನ್ನು ದಾನಧರ್ಮದ ಪ್ರಶ್ನೆ ಎಂದುಕೊಳ್ಳಬೇಡಿ. ಗುತ್ತಿಗೆಯ ಹಣ ತಿಂಗಳು ತಿಂಗಳು ಬಂದರೆ ಮಸಾಯಿ ಕುಟುಂಬಕ್ಕೆ ಬೇಲಿ ಹಾಕುವ, ಜಮೀನು ಮಾರುವ ಒತ್ತಡವಿರುವುದಿಲ್ಲ. 2020ರಲ್ಲಿ ಕೋವಿಡ್‌ನಿಂದ ಪ್ರವಾಸಿಗರು ನಿಂತಾಗ ಈ ಹಣಕ್ಕೇ ಕುತ್ತು ಬಂದು ಇಡೀ ವ್ಯವಸ್ಥೆ ಅಲುಗಾಡಿತು. ಪ್ರಾಣಿಗಳಿಗೆ ಮೀಸಲಿನ ಗಡಿ ಗೊತ್ತಿಲ್ಲ. ಹೊರಗಿನ ನೆಲ ಉಳಿದರೆ ಮಾತ್ರ ಒಳಗಿನ ಸಿಂಹ ಉಳಿಯುತ್ತದೆ. ಹಾಗಾಗಿ ಕೇಳಿ: ಗುತ್ತಿಗೆ ಹಣ ಮಾಲೀಕರಿಗೆ ನೇರವಾಗಿ ಸಂದಾಯವಾಗುತ್ತದೆಯೇ? ಸಿಬ್ಬಂದಿಯಲ್ಲಿ ಸುತ್ತಲಿನ ಊರಿನವರು ಎಷ್ಟು? ಕೊಳಚೆ ನೀರನ್ನು ಏನು ಮಾಡುತ್ತೀರಿ? ಇಕೋಟೂರಿಸಂ ಕೆನ್ಯಾ ಸಂಸ್ಥೆ ಕ್ಯಾಂಪ್‌ಗಳಿಗೂ ಕಂಚು, ಬೆಳ್ಳಿ, ಚಿನ್ನದ ದರ್ಜೆ ಕೊಡುತ್ತದೆ. ಅದು ಪರಿಸರದ ಹೊಣೆಗಾರಿಕೆಗೆ ಸಂಬಂಧಿಸಿದ್ದು. ಗೈಡ್‌ಗಳ ದರ್ಜೆಯೊಂದಿಗೆ ಬೆರೆಸಿಕೊಳ್ಳಬೇಡಿ.

ಹೆಜ್ಜೆ 7: ದಾರಿ ಮತ್ತು ಕಾಗದಪತ್ರ

ಮುಂಬೈಯಿಂದ ನೈರೋಬಿಗೆ ನೇರ ವಿಮಾನವಿದೆ. ಅಲ್ಲಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ. ನಗರದ ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಸುಮಾರು ಒಂದು ಗಂಟೆ. ಸಣ್ಣ ವಿಮಾನದಲ್ಲಿ ಕೈಚೀಲ ಸೇರಿ 15 ಕಿಲೋ ಮಾತ್ರ, ಅದೂ ಮೆತ್ತನೆಯ ಬ್ಯಾಗ್‌ನಲ್ಲಿ. ಮಾರಾದಲ್ಲಿ ಹಲವು ಏರ್‌ಸ್ಟ್ರಿಪ್‌ಗಳಿವೆ. ನಿಮ್ಮ ಕ್ಯಾಂಪ್‌ಗೆ ಹತ್ತಿರದ್ದು ಯಾವುದೆಂದು ತಿಳಿದೇ ಟಿಕೆಟ್ ಮಾಡಿಸಿ.

2024ರ ಜನವರಿಯಿಂದ ಕೆನ್ಯಾ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಕೊಡುತ್ತಿದೆ. ಹಳದಿ ಜ್ವರದ ಲಸಿಕೆಯನ್ನು ಅಧಿಕೃತ ಕೇಂದ್ರದಲ್ಲಿ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಪ್ರಮಾಣಪತ್ರವಿಲ್ಲದೆ ಕೆನ್ಯಾದಿಂದ ಮರಳಿದರೆ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ಮಾತ್ರೆ ಬಗ್ಗೆ ವೈದ್ಯರನ್ನು ಕೇಳಿ. ಚಕ್ಕುಲಿ, ಕೋಡುಬಳೆ ಕಟ್ಟಿಕೊಳ್ಳುವವರು ಡಬ್ಬಿ ಬಳಸಿ: ಕೆನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2017ರಿಂದ, ವನ್ಯಧಾಮಗಳೊಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ 2020ರ ಜೂನ್‌ನಿಂದ ನಿಷೇಧವಿದೆ.

ಮುಂಗಡ ಕೊಡುವ ಮುನ್ನ

- ಕ್ಯಾಂಪ್ ಮೀಸಲಿನಲ್ಲೋ, ಟ್ರಯಾಂಗಲ್‌ನಲ್ಲೋ, ಕನ್ಸರ್ವೆನ್ಸಿಯಲ್ಲೋ? ಹೆಸರು ಬರೆಸಿಕೊಳ್ಳಿ. ‘ಮಾರಾ’ ಎಂದಷ್ಟೇ ಇದ್ದರೆ ಗೇಟಿನ ಹೊರಗಿನ ಹೋಟೆಲ್ ಆಗಿರಬಹುದು.
- ಪ್ರವೇಶ ಶುಲ್ಕ ಎಷ್ಟು ದಿನಕ್ಕೆ ಸೇರಿದೆ?
- ವಾಹನ ಯಾವುದು, ಎಷ್ಟು ಜನ, ಗೈಡ್‌ನ ದರ್ಜೆ ಏನು?
- ರದ್ದು ಮಾಡಿದರೆ ಎಷ್ಟು ವಾಪಸ್?
- ಕೆನ್ಯಾದ ಆಪರೇಟರ್ ಆದರೆ ಕೆನ್ಯಾ ಅಸೋಸಿಯೇಷನ್ ಆಫ್ ಟೂರ್ ಆಪರೇಟರ್ಸ್‌ನ ಸದಸ್ಯರೇ?

ಐದು ರಾತ್ರಿ ಇರುವವರಿಗೆ ಒಳ್ಳೆಯ ಹಂಚಿಕೆ: ಮೂರು ರಾತ್ರಿ ಕನ್ಸರ್ವೆನ್ಸಿ, ಎರಡು ರಾತ್ರಿ ನದಿಗೆ ಹತ್ತಿರ ಮೀಸಲಿನೊಳಗೆ. ವಲಸೆಯ ಕಾಲವಾದರೆ ಇದನ್ನು ತಿರುಗಿಸಿಕೊಳ್ಳಿ. ಬಜೆಟ್ ಬಿಗಿಯಾದರೆ ಈಜುಕೊಳ ಬಿಡಿ, ಬಾತ್‌ಟಬ್ ಬಿಡಿ, ಬೇಕಾದರೆ ಒಂದು ರಾತ್ರಿಯನ್ನೂ ಕಡಿಮೆ ಮಾಡಿ. ಒಳ್ಳೆಯ ನೆಲ ಮತ್ತು ಒಳ್ಳೆಯ ಗೈಡ್ ವಿಷಯದಲ್ಲಿ ಮಾತ್ರ ರಾಜಿ ಬೇಡ.