ಕ್ಯೂ ಸ್ಟಿಕ್‌ನ ತೂಕ ಎಲ್ಲಿ ಕೂರಬೇಕು?

ಪೂಲ್ ಆಡುವವರಲ್ಲಿ ಒಂದು ನಂಬಿಕೆ ಇದೆ: ಸ್ಟಿಕ್ ಭಾರವಾದಷ್ಟೂ ಹೊಡೆತ ಜೋರು. ಪೀಣ್ಯದಲ್ಲಿ ನಮ್ಮ ಮನೆ ಹತ್ತಿರದ ಪಾರ್ಲರ್‌ಗೆ ಬರುವ ಕೆಲವರು ಈ ನಂಬಿಕೆಗಾಗಿಯೇ ಹಳೆಯದನ್ನು ಮಾರಿ ಸಾವಿರಾರು ರೂಪಾಯಿಯ ಹೊಸ ಸ್ಟಿಕ್ ತಂದಿದ್ದಾರೆ. ನನ್ನ ಹತ್ತಿರ ಅಷ್ಟು ಹಣವಿಲ್ಲ. ಇರುವುದು ಒಂದು ಸೆಕೆಂಡ್ ಹ್ಯಾಂಡ್ ಸ್ಟಿಕ್. ಅದರ ಮುಂತುದಿ ಎಡಗೈ ಬೆರಳುಗಳ ಮೇಲೆ ನಿಲ್ಲದೆ ಮೇಲಕ್ಕೇಳುತ್ತಿತ್ತು. ಅದನ್ನು ಸರಿಪಡಿಸಲು ಹೊರಟಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಕಾದ ಗಣಿತವೆಲ್ಲ ನಮ್ಮ ಕಾಮರ್ಸ್ ವಿಭಾಗದ ಪುಸ್ತಕಗಳಲ್ಲೇ ಇದೆ.

ಪೂಲ್ ಸ್ಟಿಕ್ ಸಾಮಾನ್ಯವಾಗಿ 58 ಇಂಚು, ಅಂದರೆ ಸುಮಾರು 147 ಸೆಂ.ಮೀ. ಉದ್ದ. ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ; ಒಂದು ಔನ್ಸ್ ಎಂದರೆ 28 ಗ್ರಾಂಗಿಂತ ಸ್ವಲ್ಪ ಹೆಚ್ಚು. ಹೆಚ್ಚಿನ ಸ್ಟಿಕ್‌ಗಳು 18ರಿಂದ 21 ಔನ್ಸ್ ಇರುತ್ತವೆ. ಅಂತರರಾಷ್ಟ್ರೀಯ ಪೂಲ್ ನಿಯಮದ ಪ್ರಕಾರ 25 ಔನ್ಸ್ ಮೀರುವಂತಿಲ್ಲ. ಸ್ನೂಕರ್ ನಿಯಮಕ್ಕೆ ತೂಕದ ಚಿಂತೆಯಿಲ್ಲ, ಉದ್ದ 3 ಅಡಿಗಿಂತ ಕಡಿಮೆ ಇರಬಾರದು ಅಷ್ಟೇ. ಹಿಂತುದಿಯ ರಬ್ಬರ್ ತೆಗೆದರೆ ಹಲವು ಸ್ಟಿಕ್‌ಗಳಲ್ಲಿ ಒಳಗೆ ಒಂದು ಬೋಲ್ಟ್ ಇರುತ್ತದೆ. ತೂಕ ಹೆಚ್ಚು ಕಡಿಮೆ ಮಾಡುವುದು ಅದರಿಂದಲೇ. ಉದ್ದನೆಯ ಅಲೆನ್ ಕೀ ಹಾಕಿ ತಿರುಗಿಸಿದರೆ ಹೊರಬರುತ್ತದೆ. ಪಾರ್ಲರ್‌ನವರು ಕೊಡುವ ಒಂದೇ ತುಂಡಿನ ಸ್ಟಿಕ್‌ಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ, ಅವನ್ನು ಕೆದಕಲು ಹೋಗಬೇಡಿ.

ನನ್ನ ಸ್ಟಿಕ್ ಬಿಚ್ಚಿದಾಗ ಸಿಕ್ಕಿದ್ದು 28 ಗ್ರಾಂನ ಉಕ್ಕಿನ ಬೋಲ್ಟ್. ಹಿಂದಿನ ಮಾಲೀಕ ಜೋರು ಹೊಡೆತಕ್ಕಾಗಿ ಹಾಕಿಸಿರಬೇಕು. ಅವನಿಗೆ ಎಷ್ಟು ಲಾಭವಾಯಿತು? ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ, ನಮ್ಮ ಮನೆಯ ಮಾತಿನಲ್ಲಿ ತರಾಜುವಿನಲ್ಲಿ, ಇಡೀ ಸ್ಟಿಕ್ 568 ಗ್ರಾಂ ತೂಗಿತು. ಬೋಲ್ಟ್ ಇಲ್ಲದೆ 540 ಗ್ರಾಂ. ಬಿಳಿ ಚೆಂಡು ಸುಮಾರು 165 ಗ್ರಾಂ. ವಿಜ್ಞಾನ ವಿಭಾಗದ ಗೆಳೆಯನೊಬ್ಬ ಸೂತ್ರ ಹಾಕಿ ತೋರಿಸಿದ: ಕೈ ಒಂದೇ ವೇಗದಲ್ಲಿ ಹೋದರೆ ಈ ಎರಡು ತೂಕಗಳಿಂದ ಚೆಂಡಿನ ವೇಗದಲ್ಲಿ ಆಗುವ ವ್ಯತ್ಯಾಸ ಶೇ. 1ರಷ್ಟು ಮಾತ್ರ. ಸ್ಟಿಕ್ ಮೊದಲೇ ಚೆಂಡಿನ ಮೂರು ಪಟ್ಟಿಗಿಂತ ಹೆಚ್ಚು ಭಾರ. ಇನ್ನೊಂದು ಔನ್ಸ್ ಸೇರಿಸಿದರೆ ಚೆಂಡಿಗೆ ಏನೂ ವಿಶೇಷ ದಾಟುವುದಿಲ್ಲ. ಭಾರಕ್ಕೆ ಕೈ ಸ್ವಲ್ಪ ನಿಧಾನವಾದರೂ ಆ ಶೇ. 1 ಕೂಡ ಹೋಯಿತು.

ಬೋಲ್ಟ್ ನಿಜವಾಗಿ ಬದಲಿಸುವುದು ಸಮತೋಲನದ ಬಿಂದುವನ್ನು. ಸ್ಟೀಲ್ ಸ್ಕೇಲಿನ ಅಂಚಿನ ಮೇಲೆ ಸ್ಟಿಕ್ ಇಟ್ಟು ಸರಿಸುತ್ತಾ ಹೋಗಿ. ಎಲ್ಲಿ ಅಲುಗದೆ ನಿಲ್ಲುತ್ತದೋ ಅದೇ ಆ ಬಿಂದು. ಬೋಲ್ಟ್ ಇಲ್ಲದ ನನ್ನ ಸ್ಟಿಕ್‌ನಲ್ಲಿ ಅದು ಹಿಂತುದಿಯಿಂದ 46 ಸೆಂ.ಮೀ. ಇತ್ತು. ಇನ್ನು ಮುಂದಿನದು ಸಂಖ್ಯಾಶಾಸ್ತ್ರದ ವೆಯ್ಟೆಡ್ ಆವರೇಜ್. ಬೇರೆ ಬೇರೆ ದರಕ್ಕೆ ಕೊಂಡ ಅಕ್ಕಿಯ ಸರಾಸರಿ ದರ ತೆಗೆಯುವ ಹಾಗೆಯೇ: ಕಿಲೋ ಬದಲು ಗ್ರಾಂ, ದರದ ಬದಲು ದೂರ. 540 × 46 = 24,840. ಬೋಲ್ಟ್‌ನ ಮಧ್ಯಭಾಗ ಹಿಂತುದಿಯಿಂದ 3 ಸೆಂ.ಮೀ. ಒಳಗಿದೆ, ಆದ್ದರಿಂದ 28 × 3 = 84. ಎರಡನ್ನೂ ಕೂಡಿಸಿ 568ರಿಂದ ಭಾಗಿಸಿದರೆ 43.9. ಅಂದರೆ ಬೆರಳುದ್ದದ ಬೋಲ್ಟ್ ಸಮತೋಲನವನ್ನು 2 ಸೆಂ.ಮೀ.ಗಿಂತ ಹೆಚ್ಚು ಹಿಂದಕ್ಕೆ ಎಳೆದಿತ್ತು.

ಈ 2 ಸೆಂ.ಮೀ. ಕೈಗೆ ಹೇಗೆ ತಿಳಿಯುತ್ತದೆ? ನಾನು ಹಿಂದಿನ ಕೈಯಲ್ಲಿ ಹಿಡಿಯುವುದು 30 ಸೆಂ.ಮೀ. ಗುರುತಿನಲ್ಲಿ, ಮುಂದಿನ ಕೈ ಊರುವುದು 122ರಲ್ಲಿ. ನಡುವೆ 92 ಸೆಂ.ಮೀ. ಬೋಲ್ಟ್ ಇದ್ದಾಗ ಮುಂದಿನ ಕೈ ಮೇಲೆ ಬೀಳುವ ಭಾರ 568 × 13.9 ÷ 92, ಸುಮಾರು 86 ಗ್ರಾಂ. ತೆಗೆದ ಮೇಲೆ 540 × 16 ÷ 92, ಸುಮಾರು 94 ಗ್ರಾಂ. ಒಟ್ಟು ತೂಕ ಇಳಿಯಿತು, ಮುಂದಿನ ಭಾರ ಏರಿತು! ನಂಬಿಕೆ ಬಾರದೆ ಮೂರು ಸಲ ಲೆಕ್ಕ ಹಾಕಿದೆ. ಪಾರ್ಕಿನ ಸೀಸಾ ನೆನಪಿಸಿಕೊಂಡರೆ ಅರ್ಥವಾಗುತ್ತದೆ. ಹಿಡಿದ ಕೈಯ ಹಿಂದೆ ಇಟ್ಟ ತೂಕ ಮುಂತುದಿಯನ್ನು ಎತ್ತುತ್ತದೆ, ಕೈಯ ಮುಂದೆ ಇಟ್ಟದ್ದು ಒತ್ತುತ್ತದೆ. ಹಿಡಿಯುವ ಜಾಗಕ್ಕೇ ರಬ್ಬರ್ ಗ್ರಿಪ್ ಹಾಕಿದರೆ ತೂಕ ಹೆಚ್ಚುತ್ತದೆ, ಆದರೆ ಮುಂದಿನ ಕೈಗೆ ಅದರ ಸುದ್ದಿಯೇ ಇರುವುದಿಲ್ಲ.

ಬೋಲ್ಟ್ ಪೂರ್ತಿ ತೆಗೆದು ಆಡಿದಾಗ ತುದಿ ನಿಂತಿತು, ಆದರೆ ಹಿಂದಿನ ಕೈಗೆ ಸ್ಟಿಕ್ ಪೊಳ್ಳಾದಂತೆ ಅನ್ನಿಸಿತು. ಪೀಣ್ಯ ಎರಡನೇ ಹಂತದಲ್ಲಿ ಲೇತ್ ಕೆಲಸ ಮಾಡುವ ಭಾಯಿಜಾನ್‌ಗೆ ಹೇಳಿದೆ. ‘ಎಷ್ಟು ಗ್ರಾಂ? ಯಾವ ಥ್ರೆಡ್? ಡ್ರಾಯಿಂಗ್ ಇಲ್ಲದೆ ನಾನು ಮಷಿನ್ ಆನ್ ಮಾಡಲ್ಲ’ ಎಂದರು. ಕಂಪನಿಯಿಂದ ಕಂಪನಿಗೆ ಥ್ರೆಡ್ ಬೇರೆ, ಆದ್ದರಿಂದ ಪಿಚ್ ಗೇಜ್ ಇಟ್ಟು ಹಳೆಯ ಬೋಲ್ಟನ್ನೇ ಅಳೆದರು. 12 ಮಿ.ಮೀ. ದಪ್ಪದ ಉಕ್ಕಿನ ರಾಡ್ ಒಂದು ಸೆಂ.ಮೀ.ಗೆ ಸುಮಾರು 9 ಗ್ರಾಂ ತೂಗುತ್ತದೆ. ಹಿತ್ತಾಳೆ ಇನ್ನೂ ಸ್ವಲ್ಪ ಹೆಚ್ಚು, ಅಲ್ಯೂಮಿನಿಯಂ 3 ಗ್ರಾಂ. ‘ಅಳತೆ ಹಾಗೇ ಇರಲಿ, ಲೋಹ ಬದಲಾಯಿಸೋಣ’ ಎಂದು ಅದೇ ಉದ್ದದ ಅಲ್ಯೂಮಿನಿಯಂ ಬೋಲ್ಟ್ ಮಾಡಿಕೊಟ್ಟರು. 10 ಗ್ರಾಂ. ಈಗ ಸ್ಟಿಕ್ 550 ಗ್ರಾಂ, ಸಮತೋಲನ 45.2 ಸೆಂ.ಮೀ., ಮುಂದಿನ ಕೈಗೆ 91 ಗ್ರಾಂ. ಖರ್ಚು ಒಂದು ಪ್ಲೇಟ್ ಬಿರಿಯಾನಿ.

ಲೆಕ್ಕದ ಹಾಳೆಯನ್ನು ಅಬ್ಬಾಗೂ ತೋರಿಸಿದೆ. ಪಾರ್ಲರ್ ಎಂದರೆ ಅವರಿಗೆ ಆಗದು. ಸೋತವನೇ ಟೇಬಲ್ ಬಾಡಿಗೆ ಕೊಡುವುದು ಜೂಜಲ್ಲದೆ ಇನ್ನೇನು ಎನ್ನುತ್ತಾರೆ, ಅದು ಸರಿಯೂ ಹೌದು. ನಾವು ಬಾಡಿಗೆಯನ್ನು ಅರ್ಧರ್ಧ ಹಂಚಿಕೊಳ್ಳುತ್ತೇವೆ. ಬೆಂಗಳೂರಿನಲ್ಲೇ ಅರವಿಂದ್ ಸವೂರ್ ಅವರ ಬಳಿ ಆಟ ಕಲಿತು, 2003ರಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ ಕೂಡ ಬಿ.ಕಾಂ. ಓದಿದವರು ಎಂದೆ. ಅಬ್ಬಾ ಹಾಳೆಯನ್ನು ತಿರುಗಿಸಿ ನೋಡಿ, ‘ಇದು ಪರೀಕ್ಷೆಗೆ ಬರುತ್ತಾ?’ ಎಂದರು. ವೆಯ್ಟೆಡ್ ಆವರೇಜ್ ಬರುತ್ತದೆ ಎಂದೆ. ಭಾನುವಾರ ಒಂದು ಗಂಟೆ ಆಡಲು ಒಪ್ಪಿಗೆ ಸಿಕ್ಕಿದೆ.

ನೀವೂ ಮಾಡಿ ನೋಡುವುದಾದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬಿಳಿ ಚೆಂಡನ್ನು ಎದುರಿನ ಕುಶನ್‌ಗೆ ನೇರವಾಗಿ ಹೊಡೆಯಿರಿ. ಮರಳಿ ಬಂದು ಸ್ಟಿಕ್‌ನ ತುದಿಗೇ ತಾಗಬೇಕು. 20 ಸಲ ಹೊಡೆದು ಎಷ್ಟು ಸಲ ತಾಗಿತು ಎಂದು ಬದಲಾವಣೆಗೆ ಮೊದಲೊಮ್ಮೆ, ಆಮೇಲೊಮ್ಮೆ ಬರೆದಿಡಿ. ಬೋಲ್ಟನ್ನು ಬಲವಾಗಿ ಬಿಗಿಯಬೇಡಿ, ಮರ ಸೀಳಬಹುದು. ರಬ್ಬರನ್ನು ಮತ್ತೆ ಹಾಕಿ. ನೆಲಕ್ಕೆ ಊರಿದಾಗ ಪೆಟ್ಟು ತಡೆಯುವುದು ಅದೇ.